ಮಲ್ಪೆಯಿಂದ ಬೆಂಗಳೂರಿಗೆ ವಾಪಸ್: ಭಾನುವಾರ ರಾತ್ರಿ ಊಟ ಮುಗಿಸಿ ಹೊರಡೋದಾ, ಬೆಳಿಗ್ಗೆನೇ ಬಿಡೋದಾ?

ಎಳ್ಳುಬೆಲ್ಲ

ಎಲ್ಲರಿಗೂ ನಮಸ್ಕಾರ. ಕ್ರಿಸ್‌ಮಸ್ ರಜೆಗೆ ಉಡುಪಿ, ಮಲ್ಪೆ, ಮರವಂತೆ ಅಂತ ಹೊರಟಿದ್ದೀವಿ. ಹೋಗೋ ದಾರಿಗೆ ಮನೇಲಿ ಯಾರದ್ದೂ ತಕರಾರಿಲ್ಲ. ಬರೋ ದಾರಿಗೇ ಜಗಳ.

ಏಳು ಸೀಟಿನ ಗಾಡಿ. ನಾನು, ನಮ್ಮನೆಯವರು, ಅತ್ತೆ, ಮಾವ, ಎರಡು ಮಕ್ಕಳು. ಓಡಿಸೋಕೆ ನಾನು ಮತ್ತು ಅವರು ಇಬ್ಬರೇ. ಭಾನುವಾರ ಮಲ್ಪೆ ಬಿಡಬೇಕು, ಸೋಮವಾರ ಇಬ್ಬರಿಗೂ ಆಫೀಸು.

ನಮ್ಮನೆಯವರ ಲೆಕ್ಕ: ಭಾನುವಾರ ಪೂರ್ತಿ ಬೀಚಲ್ಲಿ ಇದ್ದು, ಸೂರ್ಯಾಸ್ತ ನೋಡಿ, ಊಟ ಮಾಡಿ ರಾತ್ರಿ 9ಕ್ಕೆ ಹೊರಟ್ರೆ ರಸ್ತೆ ಖಾಲಿ, ಮಕ್ಕಳು ಮಲಗಿರ್ತವೆ, ಬೆಳಗಿನ ಜಾವ 5ಕ್ಕೆ ಮನೆ. ಮಾವನವರೂ ಅದೇ ಪಕ್ಷ. ಅಂಬಾಸಿಡರ್ ಕಾಲದಲ್ಲಿ ಧರ್ಮಸ್ಥಳಕ್ಕೆ ರಾತ್ರಿ ಹೋಗಿ ಮಾರನೇ ರಾತ್ರಿನೇ ವಾಪಸ್ ಬರ್ತಿದ್ವಿ ಅಂತಾರೆ. ನನ್ನ ಲೆಕ್ಕ: ಬೆಳಿಗ್ಗೆ 5ಕ್ಕೇ ಹೊರಟು ಮಧ್ಯಾಹ್ನದ ಹೊತ್ತಿಗೆ ಮನೆ ಸೇರಿ, ಬಟ್ಟೆ ಒಗೆಯೋಕೆ ಹಾಕಿ, ಒಂದು ನಿದ್ದೆ ಮಾಡೋದು. ಅದಕ್ಕೆ ಅವರು "ಒಂದಿಡೀ ದಿನ ಹಾಳು" ಅಂತಾರೆ.

ಯಾವುದು ಸರಿ? ಹಾಗೇ ಘಟ್ಟ ಯಾವುದು ಹಿಡಿಯೋದು ಅಂತಲೂ ಹೇಳಿ. ಶಿರಾಡಿನಾ, ಚಾರ್ಮಾಡಿನಾ, ಆಗುಂಬೆನಾ?

ನೇತ್ರಾವತಿ_ದಂಡೆ

ರಾತ್ರಿಯೇ ಹೊರಡಿ ಮಾರಾಯ್ರೆ, ಎಂತ ಆಗುದಿಲ್ಲ. ನಾವು ಇಲ್ಲಿಂದ ಬೆಂಗಳೂರಿಗೆ ಹೋಗುದೇ ರಾತ್ರಿ. ಹಗಲು ಬಿ.ಸಿ.ರೋಡಿನಿಂದ ಶಿರಾಡಿ ಘಟ್ಟದ ಬುಡದ ಗುಂಡ್ಯದವರೆಗೆ ಟ್ಯಾಂಕರು, ಲಾರಿ, ಬಸ್ಸು ಎಲ್ಲ ಒಟ್ಟಿಗೇ ಉಂಟು. ರಾತ್ರಿ ಎದುರು ಬರುವವನ ಲೈಟು ತಿರುವಿನ ಆಚೆಯಿಂದಲೇ ಕಾಣ್ತದೆ, ಹಗಲಿಗಿಂತ ಘಟ್ಟ ಸುಲಭ.

ಕುಣಿಗಲ್_ಕುದುರೆ

ಬೆಳಿಗ್ಗೆ. ಎರಡು ಮಾತಿಲ್ಲ.

ಹಾಸನದ_ಹೈದ

ರಾತ್ರಿ ಖಾಲಿ ರಸ್ತೆ ಅನ್ನೋರು ನಮ್ಮೂರ ಕಡೆ ರಾತ್ರಿ ಬಂದು ನೋಡಬೇಕು ಕಣ್ರೀ. ಖಾಲಿ ಅನ್ನೋದು ಕಾರಿನ ಮಟ್ಟಿಗೆ ಅಷ್ಟೇ. ಲಾರಿಗಳು ಎಡಗಡೆ ನಿಂತಿರ್ತವೆ, ಹಿಂದೆ ಒಂದು ಕೆಂಪು ಲೈಟೂ ಇರಲ್ಲ. ಟ್ರ್ಯಾಕ್ಟರ್ ಟ್ರೈಲರ್‌ಗಂತೂ ರಿಫ್ಲೆಕ್ಟರ್ ಅಂಟಿಸಿದ್ದು ಕಂಡ್ರೆ ಪುಣ್ಯ. ಶಾಂತಿಗ್ರಾಮ ದಾಟಿ ಚನ್ನರಾಯಪಟ್ಟಣದ ಕಡೆ 100ರಲ್ಲಿ ಹೋಗ್ತಿರೋವಾಗ ಇದ್ದಕ್ಕಿದ್ದಂತೆ ಮುಂದೆ ಕಬ್ಬಿಣದ ಗೋಡೆ ಕಂಡ್ರೆ ಏನ್ ಮಾಡ್ತೀರ?

ಎದುರು ಲೈಟು ಕಾಣ್ತದೆ ಅನ್ನೋದು ಘಟ್ಟಕ್ಕೆ ಸರಿ, ನೇತ್ರಾವತಿಯವರ ಮಾತು ಒಪ್ತೀನಿ. ಆದ್ರೆ ಘಟ್ಟ ಇರೋದು ಎಷ್ಟು ದೂರ? ಮಿಕ್ಕಿದ್ದು ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಇದೆಯಲ್ಲ.

ನಾಲ್ಕನೇ_ಗೇರ್

ನಾನು ರಾತ್ರಿ ಪಕ್ಷ. ಭಾನುವಾರ ಸಂಜೆ 6ರಿಂದ 10ರವರೆಗೆ ನೆಲಮಂಗಲ ನೋಡಿದ್ದೀರಾ? ಹಾಸನದ ರಸ್ತೆ, ತುಮಕೂರು ರಸ್ತೆ ಎರಡೂ ಅಲ್ಲೇ ಬಂದು ಸೇರೋದು. ಮೂರು ದಿನ ರಜೆ ಬಂದರೆ ಅರ್ಧ ಬೆಂಗಳೂರು ಅದೇ ಬಾಯಲ್ಲಿ ಒಳಗೆ ಬರಬೇಕು. ಟೋಲ್ ದಾಟೋಕೆ ಒಂದು ಹೊತ್ತು, ಮಾದಾವರ ದಾಟೋಕೆ ಇನ್ನೊಂದು, ಗೊರಗುಂಟೆಪಾಳ್ಯ ಬರೋ ಹೊತ್ತಿಗೆ ಹಿಂದೆ ಮಕ್ಕಳು ಅಳ್ತಿರ್ತವೆ. ರಾತ್ರಿ ಬಂದ್ರೆ ಈ ಯಾವ ಗೋಳೂ ಇಲ್ಲ.

ಕುಣಿಗಲ್_ಕುದುರೆ

@ನಾಲ್ಕನೇ_ಗೇರ್ ಬೆಳಿಗ್ಗೆ 5ಕ್ಕೆ ಮಲ್ಪೆ ಬಿಟ್ಟೋರು ನೆಲಮಂಗಲಕ್ಕೆ ಸಂಜೆ 6ಕ್ಕೆ ಯಾಕ್ ಬರ್ತಾರೆ? ತಿಂಡಿ, ಕಾಫಿ ಎಲ್ಲ ಸೇರಿ ಒಂದೂವರೆ ಎರಡಕ್ಕೆ ಬರ್ತಾರೆ. ಆಗ ಜಾಮ್ ಶುರುನೇ ಆಗಿರಲ್ಲ. ನೀವು ಹೇಳ್ತಿರೋದು ಮಧ್ಯಾಹ್ನ ಊಟ ಮಾಡ್ಕೊಂಡು ಹೊರಟವರ ಗೋಳು.

ಧಾರವಾಡ_ಫೇಡಾ

ಅಲ್ರೀ, ಎಲ್ಲಾರೂ ಘಟ್ಟದ ಬಗ್ಗೆನ ಮಾತಾಡಾಕತ್ತೀರಿ. ನಮ್ಮ ಕಡೆಯಿಂದ ಬರೋವ್ರ ಕಥಿ ಕೇಳ್ರಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ 400 ಕಿಲೋಮೀಟರ್ ರಸ್ತಾ ಸೀದಾ ಐತಿ. ಹಾವೇರಿ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ಎಲ್ಲೂ ತಿರುವಿಲ್ಲ. ಅದ ದೊಡ್ಡ ತ್ರಾಸ ನೋಡ್ರಿ. ಕೈಗೂ ಕೆಲಸಿಲ್ಲ, ಕಾಲಿಗೂ ಕೆಲಸಿಲ್ಲ, ಕಣ್ಣು ತಗದಿದ್ರೂ ತಲಿ ಮಲಗಿರತೈತಿ. ಹಿರಿಯೂರು ಯಾವಾಗ ದಾಟ್ತು ಅಂತ ಕೇಳಿದ್ರ ನೆನಪ ಇರಂಗಿಲ್ಲ. ಘಟ್ಟದಾಗ ನಿದ್ದಿ ಬರಂಗಿಲ್ರೀ, ನಿದ್ದಿ ಬರೋದು ಛಲೋ ರಸ್ತಾದಾಗ.

ಖಾಕಿ_ನಿವೃತ್ತ

ಧಾರವಾಡದವರು ಸರಿಯಾದ ಜಾಗಕ್ಕೆ ಬಂದರು. ನಾನು ಸರ್ವಿಸ್ ಪೂರ್ತಿ ಕರಾವಳಿ–ಬೆಂಗಳೂರು ರಾತ್ರಿ ಬಸ್ಸು ಓಡಿಸಿದವನು. ಅದೇ ಅನುಭವದಿಂದ ಹೇಳ್ತೀನಿ, ತಂಗಿ ಸ್ವಲ್ಪ ಗಮನವಿಟ್ಟು ಓದಮ್ಮ, ಮಾವನವರಿಗೂ ಓದಿ ಹೇಳು.

"ಬಸ್ಸುಗಳು ರಾತ್ರಿ ಹೋಗಲ್ವಾ, ನಾವ್ಯಾಕೆ ಹೋಗಬಾರದು" ಅಂತ ಎಲ್ಲರೂ ಕೇಳ್ತಾರೆ. ರಾತ್ರಿ ಬಸ್ಸಿನ ಚಾಲಕ ಅವತ್ತು ಹಗಲು ಏನು ಮಾಡಿರ್ತಾನೆ ಅಂತ ಯಾರೂ ಕೇಳಲ್ಲ. ಮಧ್ಯಾಹ್ನ ಊಟ ಮಾಡಿ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಪರದೆ ಎಳೆದು ಮಲಗಿರ್ತಾನೆ. ಅದು ಅವನ ಕೆಲಸದ ಒಂದು ಭಾಗ. ಹಲವು ದೂರದ ಸೇವೆಗಳಲ್ಲಿ ಅರ್ಧ ದಾರಿಗೆ ಇನ್ನೊಬ್ಬ ಚಾಲಕ ಸ್ಟೇರಿಂಗ್ ಹಿಡೀತಾನೆ. ನಿಮ್ಮ ಮನೆಯವರು ಅವತ್ತು ಹಗಲು ಏನು ಮಾಡಿರ್ತಾರೆ? ಬಿಸಿಲಲ್ಲಿ ನಿಂತಿರ್ತಾರೆ, ಉಪ್ಪುನೀರಲ್ಲಿ ಮಕ್ಕಳನ್ನು ಎತ್ತಿ ಆಡಿಸಿರ್ತಾರೆ, ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿ ಬಂದಿರ್ತಾರೆ, ರಾತ್ರಿ ಮೀನೂಟ ಹೊಟ್ಟೆ ತುಂಬಾ ಮಾಡಿರ್ತಾರೆ. ಆಮೇಲೆ ಬಂದು ಸ್ಟೇರಿಂಗ್ ಹಿಂದೆ ಕೂರ್ತಾರೆ. ಇಬ್ಬರೂ ಓಡಿಸೋದು ಅದೇ ರಸ್ತೆ. ದೇಹ ಒಂದೇನಾ?

ಈಗ ಗಡಿಯಾರ ಹಾಕಿ ನೋಡೋಣ. ರಾತ್ರಿ 9ಕ್ಕೆ ಮಲ್ಪೆ. ಹತ್ತೂಕಾಲಿಗೆ ಮಂಗಳೂರು. ಗುಂಡ್ಯ ಮುಟ್ಟುವಾಗ ಹನ್ನೆರಡು ದಾಟಿರುತ್ತೆ. ಘಟ್ಟ ಹತ್ತುವಾಗ ಭಯಕ್ಕೇ ಎಚ್ಚರ ಇರ್ತಾರೆ, ಅಲ್ಲಿ ಏನೂ ಆಗಲ್ಲ. ಹಾಸನ ಎರಡೂಕಾಲು. ಅಲ್ಲಿಂದ ನಾಲ್ಕು ಪಥದ ನುಣುಪು ರಸ್ತೆ. ಚನ್ನರಾಯಪಟ್ಟಣ, ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರು, ಇದೆಲ್ಲ ಬರೋದು ಮೂರರಿಂದ ನಾಲ್ಕರ ನಡುವೆ. ಮನುಷ್ಯನ ದೇಹ ದಿನದಲ್ಲೇ ಅತಿ ಹೆಚ್ಚು ಕುಸಿಯೋ ಹೊತ್ತು ಅದು, ರಾತ್ರಿ ಎರಡರಿಂದ ಐದು. ದಾರಿಯಲ್ಲಿ ಅತಿ ಸುಲಭದ ಜಾಗವೂ ಅದೇ. ಎರಡೂ ಒಂದೇ ಕಡೆ ಬಂದು ಕೂತ್ಕೊಳ್ಳೋದೇ ಅಪಾಯ. "ಇನ್ನೇನು ಮನೆ ಬಂತು" ಅನ್ನೋ ಸಮಾಧಾನ ಬೇರೆ ಸೇರಿಕೊಳ್ಳುತ್ತೆ.

ಡಾಕ್ಟರಮ್ಮ_ತುಮಕೂರು

ಖಾಕಿ ಸರ್ ಹೇಳಿದ್ದಕ್ಕೆ ವೈದ್ಯಕೀಯದ ಕಡೆಯಿಂದ ಒಂದಿಷ್ಟು ಸೇರಿಸ್ತೀನಿ. ಸತತ 17ರಿಂದ 19 ಗಂಟೆ ಎಚ್ಚರ ಇದ್ದವರ ಪ್ರತಿಕ್ರಿಯೆ, ರಕ್ತದಲ್ಲಿ 0.05% ಮದ್ಯ ಇರುವವರಷ್ಟು ನಿಧಾನ ಆಗುತ್ತೆ ಅಂತ ಅಧ್ಯಯನಗಳು ತೋರಿಸಿವೆ. ನಮ್ಮ ದೇಶದ ಕಾನೂನಿನ ಮಿತಿ ಅದಕ್ಕಿಂತ ಕಡಿಮೆ, 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಬೆಳಿಗ್ಗೆ 6ಕ್ಕೆ ಎದ್ದವರಿಗೆ ರಾತ್ರಿ 11ಕ್ಕೇ 17 ಗಂಟೆ ತುಂಬುತ್ತೆ. ಅಂದರೆ ಗುಂಡ್ಯ ಬರುವ ಮೊದಲೇ. ಕುಡಿದು ಓಡಿಸೋಕೆ ಮನೆಯಲ್ಲಿ ಯಾರೂ ಬಿಡಲ್ಲ, ಇದಕ್ಕೆ ಮಾತ್ರ ಎಲ್ಲರೂ ಒಪ್ತೀವಿ.

ತೂಕಡಿಕೆ ಅಂದರೆ ತಲೆ ವಾಲೋದು ಮಾತ್ರ ಅಲ್ಲ. ಕಣ್ಣು ತೆರೆದೇ ಇದ್ದರೂ ಮೂರು ನಾಲ್ಕು ಸೆಕೆಂಡ್ ಮೆದುಳು ಮಲಗಿಬಿಡುತ್ತೆ. 80 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ 22 ಮೀಟರ್ ಹೋಗುತ್ತೆ. ನಾಲ್ಕು ಸೆಕೆಂಡಿಗೆ ಲೆಕ್ಕ ಹಾಕಿ.

ನಾಲ್ಕನೇ_ಗೇರ್

ಕಾಫಿ ಕುಡಿದ್ರೆ ಆಯ್ತಲ್ಲ ಮೇಡಂ? ಸಕಲೇಶಪುರ, ಹಾಸನ, ಇಡೀ ದಾರಿ ಕಾಫಿಯ ನಾಡೇ.

ಡಾಕ್ಟರಮ್ಮ_ತುಮಕೂರು

ಕಾಫಿ ಕೆಲಸ ಮಾಡೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು. ಜನ ಕಾಫಿ ಕುಡಿದು ಲೋಟ ಇಟ್ಟ ಕೂಡಲೇ ಗಾಡಿ ಎತ್ತುತ್ತಾರೆ. ಸರಿಯಾದ ಕ್ರಮ ಅಂದರೆ ಕಾಫಿ ಕುಡಿದು ಅಲ್ಲೇ ಸೀಟು ಹಿಂದಕ್ಕೆ ಮಾಡಿ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮುಚ್ಚೋದು. ಎದ್ದಾಗ ಎರಡೂ ಒಟ್ಟಿಗೆ ಕೈ ಹಿಡಿಯುತ್ತೆ. ಆದರೆ ಅದು ಒಂದೆರಡು ಗಂಟೆಯ ಮಾತು, ಇಡೀ ರಾತ್ರಿಗೆ ಬದಲಿ ಅಲ್ಲ. ಕಿಟಕಿ ಇಳಿಸೋದು, ಜೋರಾಗಿ ಹಾಡು ಹಾಕೋದು, ಮುಖಕ್ಕೆ ನೀರು, ಇದೆಲ್ಲ ಕೆಲವೇ ನಿಮಿಷ.

ಮೆಕ್ಯಾನಿಕ್_ರಾಜಾಜಿನಗರ

ಇನ್ನೊಂದು ಯಾರೂ ಹೇಳಲ್ಲ. ಏಸಿ ರೀಸರ್ಕುಲೇಷನ್‌ನಲ್ಲಿ (ಒಳಗಿನ ಗಾಳಿನೇ ಸುತ್ತೋ ಹಾಗೆ) ಇಟ್ಟು ಆರು ಜನ ಗಂಟೆಗಟ್ಟಲೆ ಕೂತ್ರೆ ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತೆ, ಅದರಿಂದಲೂ ತಲೆ ಮಂಕಾಗುತ್ತೆ. ಹೊರಗಿನ ಗಾಳಿ ಬರೋ ಬಟನ್ ಆಗಾಗ ಒತ್ತಿ.

ವಾಪಸ್ ಬರೋವಾಗ ಗಾಡಿ ಹೋಗುವಾಗಿನದಕ್ಕಿಂತ ಭಾರ ಇರುತ್ತೆ, ಎಲ್ಲರೂ ಏನೇನೋ ಕೊಂಡಿರ್ತಾರೆ. ಬಾಗಿಲು ತೆಗೆದ್ರೆ ಚಾಲಕನ ಪಕ್ಕದ ಕಂಬದ ಮೇಲೆ ಸ್ಟಿಕ್ಕರ್ ಇದೆ, ತುಂಬಿದ ಗಾಡಿಗೆ ಎಷ್ಟು ಗಾಳಿ ಅಂತ ಬೇರೆ ಬರೆದಿರ್ತಾರೆ. ಬೆಳಿಗ್ಗೆ ಟೈರ್ ತಣ್ಣಗಿರೋವಾಗಲೇ ಹಾಕಿಸಿ. ಹಿಂದಿನ ಗಾಜು ಮುಚ್ಚೋ ಹಾಗೆ ಬ್ಯಾಗ್ ಪೇರಿಸಬೇಡಿ.

ಕಾಫಿಸೀಮೆ

ಘಟ್ಟದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡ್ತೀನಿ. ನಮ್ಮ ತೋಟ ಮೂಡಿಗೆರೆ ಕಡೆ.

ಚಾರ್ಮಾಡಿ ಹಗಲಿಗೆ ಸ್ವರ್ಗ. ಉಜಿರೆ ದಾಟಿ ಚಾರ್ಮಾಡಿ ಊರಿಂದ ಹತ್ತೋಕೆ ಶುರು ಮಾಡಿದ್ರೆ ಕೊಟ್ಟಿಗೆಹಾರದವರೆಗೂ ತಿರುವಿನ ಮೇಲೆ ತಿರುವು. ಮೇಲೆ ಬಂದು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಮುಂದೆ ಹೋಗಬೇಕು. ಆದ್ರೆ ರಾತ್ರಿ ಬೇಡ. ಡಿಸೆಂಬರ್‌ನಲ್ಲಿ ಮಂಜು ಇಳಿದ್ರೆ ಬಾನೆಟ್ ಆಚೆ ಏನೂ ಕಾಣಲ್ಲ, ಲೈಟ್ ಹೈಬೀಮ್ ಹಾಕಿದಷ್ಟೂ ಬಿಳಿ ಗೋಡೆನೇ. ಮೂಡಿಗೆರೆ, ಬೇಲೂರು ಕಡೆ ಆನೆ ರಸ್ತೆಗೆ ಬರೋದು ಈಗ ಸುದ್ದಿನೇ ಅಲ್ಲ. 2019ರ ಆಗಸ್ಟ್ ಮಳೆಗೆ ಈ ಘಟ್ಟ ಎಷ್ಟು ಕಡೆ ಕುಸಿದು ತಿಂಗಳುಗಟ್ಟಲೆ ಮುಚ್ಚಿತ್ತು ಅನ್ನೋದು ನಮಗೆ ಚೆನ್ನಾಗಿ ನೆನಪಿದೆ.

ಬೇಲೂರು, ಹಳೇಬೀಡು, ಜಾವಗಲ್, ಬಾಣಾವರ ಮೇಲೆ ಬರೋರಿಗೆ ಇನ್ನೊಂದು ಮಾತು. ಈ ಕಾಲದಲ್ಲಿ ರಸ್ತೆ ಮೇಲೇ ರಾಗಿ, ಹುರುಳಿ ಹಾಸಿರ್ತಾರೆ, ಗಾಡಿ ಓಡಿ ಒಕ್ಕಣೆ ಆಗಲಿ ಅಂತ. ಒಣ ಹುರುಳಿ ಸೊಪ್ಪು ಅಡಿಯಲ್ಲಿ ಸುತ್ತಿಕೊಂಡು ಬಿಸಿ ಸೈಲೆನ್ಸರ್‌ಗೆ ತಾಗಿದ್ರೆ ಬೆಂಕಿ. ಅದರ ಮೇಲೆ ಓಡಿಸಬೇಡಿ, ಓಡಿಸಲೇಬೇಕಾಗಿ ಬಂದ್ರೆ ಮುಂದೆ ನಿಲ್ಲಿಸಿ ಬಗ್ಗಿ ನೋಡಿ.

ಮಳೆನಾಡು_ಮುಂಜಾವು

ಆಗುಂಬೆ ಬಗ್ಗೆ: ಹೆಬ್ರಿ, ಸೋಮೇಶ್ವರ ಮೇಲೆ 14 ಹೇರ್‌ಪಿನ್ ತಿರುವು, ಆಮೇಲೆ ತೀರ್ಥಹಳ್ಳಿ, ಶಿವಮೊಗ್ಗ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರು. ದೂರ ಸ್ವಲ್ಪ ಜಾಸ್ತಿ. ಮಲ್ಪೆಯಿಂದ ನೇರವಾಗಿ ಹಿಡಿಯಬಹುದು, ಮಂಗಳೂರಿನ ಕಡೆ ಇಳಿಯಬೇಕಾಗಿಲ್ಲ. ಶಿವಮೊಗ್ಗದಲ್ಲಿ ನೆಂಟರಿದ್ದರೆ ಇದೇ ಸರಿ, ಇಲ್ಲದಿದ್ದರೆ ಶಿರಾಡಿ. ಯಲಹಂಕ, ವಿಮಾನ ನಿಲ್ದಾಣದ ಕಡೆ ಮನೆ ಇರೋರಿಗೆ ಈ ದಾರಿಯಲ್ಲಿ ಒಂದು ಅನುಕೂಲ ಇದೆ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ರಸ್ತೆ ಹಿಡಿದ್ರೆ ನೆಲಮಂಗಲವೇ ಬೇಡ.

ತುಮಕೂರು ದಾಟಿದ ಕೂಡಲೇ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಸಿಗುತ್ತೆ.

ಬಿಡದಿ_ಬಾಯ್

ತಟ್ಟೆ ಇಡ್ಲಿ ಅಂದ್ರೆ ಬಿಡದಿ.

ಮಳೆನಾಡು_ಮುಂಜಾವು

ಬಿಡದಿದು ಹತ್ತಿಯ ಹಾಗೆ ಮೆತ್ತಗಿರುತ್ತೆ, ಒಪ್ತೀನಿ. ಆದರೆ ಉಡುಪಿಯಿಂದ ಬರೋರು ಬಿಡದಿಗೆ ಯಾವ ದಾರಿಯಲ್ಲಿ ಬರ್ತಾರೆ?

ಬಿಡದಿ_ಬಾಯ್

ಸಂಪಾಜೆ ಘಟ್ಟ ಹತ್ತಿ ಮಡಿಕೇರಿ, ಮೈಸೂರು, ಎಕ್ಸ್‌ಪ್ರೆಸ್‌ವೇ. ಸುಳ್ಯ ಕಡೆ ಇರೋರು ಹಾಗೇ ಬರೋದು. ಇಡ್ಲಿ ಬೇಕಾದ್ರೆ ಎಕ್ಸ್‌ಪ್ರೆಸ್‌ವೇ ಬಿಟ್ಟು ಸರ್ವಿಸ್ ರಸ್ತೆಗೆ ಇಳೀಬೇಕು ಅಷ್ಟೇ.

ನೇತ್ರಾವತಿ_ದಂಡೆ

ಮಲ್ಪೆಯಿಂದ ಸಂಪಾಜೆ ಅಂದರೆ ಊರೆಲ್ಲ ಸುತ್ತಿದ ಹಾಗೆ. ಬೇಡ. ಶಿರಾಡಿಯೇ ಸರಿ. ಈಗ ಮಳೆ ಇಲ್ಲ, ಗುಡ್ಡ ಜಾರುವ ಹೆದರಿಕೆ ಇಲ್ಲ. 2021ರಲ್ಲಿ ದೋಣಿಗಾಲ್ ಹತ್ತಿರ ರಸ್ತೆಯೇ ಕುಸಿದಿತ್ತು, 2024ರ ಜುಲೈಯಲ್ಲಿ ದೊಡ್ಡತಪ್ಲು ಹತ್ತಿರ ಗುಡ್ಡ ಜಾರಿ ಎಷ್ಟು ಜನ ಗಾಡಿಯಲ್ಲೇ ಸಿಕ್ಕಿಬಿದ್ದರು. ಅದೆಲ್ಲ ಜೂನ್‌ನಿಂದ ಸೆಪ್ಟೆಂಬರಿನ ಮಾತು. ಬೆಳಿಗ್ಗೆ ಹೊರಟರೆ ಕಲ್ಲಡ್ಕದಲ್ಲಿ ಕೆ.ಟಿ. (ಕಲ್ಲಡ್ಕ ಟೀ) ಕುಡಿಯಲೇಬೇಕು. ಗ್ಲಾಸಲ್ಲಿ ಕೆಳಗೆ ಹಾಲು ಮೇಲೆ ಡಿಕಾಕ್ಷನ್ ಬೇರೆ ಬೇರೆ ನಿಂತಿರ್ತದೆ, ಮಕ್ಕಳಿಗೆ ತೋರಿಸಿ.

ಖಾಕಿಯವರ ಗಡಿಯಾರದ ಲೆಕ್ಕ ಓದಿದೆ. ನಾವು ರಾತ್ರಿ ಹೋಗುದು ಹಗಲೆಲ್ಲ ಮಲಗಿ ಎದ್ದು. ಅದು ಬೇರೆ, ಬೀಚಿನಿಂದ ಎದ್ದು ಬರುದು ಬೇರೆ. ಇವರು ಬೆಳಿಗ್ಗೆ ಹೋಗುದೇ ಒಳ್ಳೆಯದು.

ರಸ್ತೆರಾಜ

ಹೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ. ಹಗಲೋ ರಾತ್ರಿನೋ, ಘಟ್ಟದಲ್ಲಿ ಮಾತ್ರ ನಿಮ್ಮ ಯಜಮಾನ್ರೇ ಓಡಿಸ್ಲಿ. ಹೆಂಗಸರಿಗೆ ಘಟ್ಟ ಕಷ್ಟ.

ಕಾಫಿಸೀಮೆ

@ರಸ್ತೆರಾಜ ನಮ್ಮ ಚಿಕ್ಕಮ್ಮ ತೋಟದ ಜೀಪಲ್ಲಿ ಕೂಲಿಯವರನ್ನ ಕೂರಿಸ್ಕೊಂಡು ದಿನಾ ಘಟ್ಟದ ರಸ್ತೇಲಿ ಓಡಾಡ್ತಾರೆ. ಬಂದು ಹಿಂದಿನ ಸೀಟಲ್ಲಿ ಕೂತ್ಕೊಂಡು ನೋಡಿ.

ಖಾಕಿ_ನಿವೃತ್ತ

ಘಟ್ಟಕ್ಕೆ ಬೇಕಾಗಿರೋದು ತಾಳ್ಮೆ. ಅದು ಗಂಡಸರಲ್ಲೇ ಕಡಿಮೆ ನೋಡಿದ್ದೀನಿ. ತಂಗೀ, ಬೆಂಗಳೂರಿಗೆ ಬರುವಾಗ ನೀವು ಹತ್ತುವವರು. ಇಕ್ಕಟ್ಟಿನ ಜಾಗದಲ್ಲಿ ಇಳಿಯುವವನು ನಿಂತು ಹತ್ತುವವರಿಗೆ ದಾರಿ ಬಿಡಬೇಕು ಅಂತ ನಿಯಮವೇ ಇದೆ. ಆದರೆ ನಿಯಮ ನಂಬಿಕೊಂಡು ನುಗ್ಗಬೇಡ. ಲಾರಿ ಹಿಂದೆ ಹೋಗುವಾಗ ಅಂತರ ಬಿಡು, ಏರಲ್ಲಿ ಅದು ಹಿಂದಕ್ಕೆ ಸರಿಯಬಹುದು. ತಿರುವಿನಲ್ಲಿ ಓವರ್‌ಟೇಕ್ ಬೇಡವೇ ಬೇಡ.

ಪಕ್ಕದ ಸೀಟಿನಲ್ಲಿ ಕೂತವರು ಮಲಗಬಾರದು. ಇದು ಹಗಲಿಗೂ ಅನ್ವಯ. ಎಲ್ಲರೂ ಮಲಗಿದ ಗಾಡಿಯಲ್ಲಿ ಚಾಲಕನಿಗೂ ನಿದ್ದೆ ಹತ್ತುತ್ತೆ. ಮಾತಾಡಿಸ್ತಾ ಇರಬೇಕು. ಉತ್ತರ ತಡವಾಗಿ ಬಂದರೆ, ಆಕ್ಸಿಲೇಟರ್ ಮೇಲೆ ಕಾಲು ಒಮ್ಮೆ ಜೋರು ಒಮ್ಮೆ ಮೆಲ್ಲಗೆ ಆದರೆ, ಬಿಳಿ ಗೆರೆ ಮೇಲೆ ಚಕ್ರ ಹೋದರೆ, ತಕ್ಷಣ ನಿಲ್ಲಿಸು ಅನ್ನಬೇಕು. "ಇನ್ನೈದು ನಿಮಿಷ, ಮುಂದೆ ಹೋಟೆಲ್ ಇದೆ" ಅನ್ನೋ ಮಾತು ಕೇಳಬಾರದು.

ಹಾಸನದ_ಹೈದ

ನಿಲ್ಲಿಸೋದು ಅಂದ್ರೆ ರಸ್ತೆ ಪಕ್ಕದ ಬಿಳಿ ಗೆರೆ ಆಚೆ ಅಲ್ಲ, ಅದನ್ನೂ ಹೇಳಿ ಸರ್. ಪೆಟ್ರೋಲ್ ಬಂಕ್ ಒಳಗೆ, ಲೈಟಿರೋ ಹೋಟೆಲ್ ಅಂಗಳದಲ್ಲಿ. ಹಿಂದೆ ಬರೋ ಲಾರಿಯವನೂ ತೂಕಡಿಸ್ತಿದ್ರೆ?

ಕಡಲ_ಮಗಳು

ಹ್ವಾಯ್, ಮರವಂತೆಗ್ ಬಂದ್ ಮೇಲೆ ಇಷ್ಟ್ ಬೇಗ ಹೋಪುದೆಂತಕೆ? ಸೋಮವಾರ ಒಂದ್ ದಿನ ರಜೆ ಹಾಕಿ ಕಾಣಿ, ಜಗಳವೇ ಇಲ್ಲ.

ಎಳ್ಳುಬೆಲ್ಲ

@ಕಡಲ_ಮಗಳು ಅದೇ ಆಸೆ ನನಗೂ ಇತ್ತು. ವರ್ಷದ ಕೊನೆ, ಇಬ್ಬರಿಗೂ ರಜೆ ಉಳಿದಿಲ್ಲ.

ಎಲ್ಲರ ಉತ್ತರ ಓದ್ತಿದ್ದೀನಿ. ಖಾಕಿ ಸರ್ ಬರೆದಿದ್ದನ್ನ ಊಟದ ಹೊತ್ತಿಗೆ ಎಲ್ಲರಿಗೂ ಓದಿ ಹೇಳ್ದೆ. ಮಾವನವರು "ಆಗ ರಸ್ತೆ ಕೆಟ್ಟದಾಗಿತ್ತು, 50ರ ಮೇಲೆ ಹೋಗ್ತಾನೇ ಇರ್ಲಿಲ್ಲ, ನಿದ್ದೆ ಹತ್ತೋ ಹಾಗೇ ಇರ್ಲಿಲ್ಲ" ಅಂದ್ರು. ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ. ಇನ್ನೊಂದು ಪ್ರಶ್ನೆ: ಚಿಕ್ಕವಳಿಗೆ ಘಟ್ಟದಲ್ಲಿ ವಾಂತಿ ಆಗುತ್ತೆ. ಏನು ಮಾಡೋದು?

ಅಜ್ಜಿಯ_ಕಷಾಯ

ಹೊರಡುವ ಮುಂಚೆ ಹೊಟ್ಟೆ ತುಂಬಾ ಹಾಲು ಕೊಡಬೇಡಮ್ಮ. ಒಣ ಅವಲಕ್ಕಿ, ಬಿಸ್ಕತ್ತು ಸಾಕು. ಮಧ್ಯದ ಸೀಟಲ್ಲಿ ಕೂರಿಸು, ಹಿಂದಿನ ಸಾಲಿನಲ್ಲಿ ಬೇಡ. ಮೊಬೈಲ್ ಕೈಗೆ ಕೊಡಲೇಬೇಡ, ಮುಂದಿನ ರಸ್ತೆ ನೋಡ್ತಾ ಇರಲಿ. ನಿಂಬೆಹಣ್ಣು ಕೈಯಲ್ಲಿ ಹಿಡಿಸು. ನೆಲ್ಯಾಡಿಯಲ್ಲಿ ಒಮ್ಮೆ ಇಳಿಸಿ ಓಡಾಡಿಸಿ ಆಮೇಲೆ ಘಟ್ಟ ಹತ್ತಿ.

ಮೀನುಪ್ರಿಯ

ಮಲ್ಪೆಗೆ ಹೋಗಿ ಮೀನು ತರದೆ ಬರ್ತೀರಾ? ಬಂದರಿನಲ್ಲಿ ಅಂಜಲ್ ತಗೊಂಡು ಅಲ್ಲೇ ಹೆಚ್ಚಿಸಿ, ತೊಳೆಸಿ. ಥರ್ಮಾಕೋಲ್ ಡಬ್ಬಿಗೆ ಕೆಳಗೆ ಐಸ್ ಪುಡಿ, ಚೀಲದಲ್ಲಿ ಕಟ್ಟಿದ ಮೀನು, ಮೇಲೆ ಮತ್ತೆ ಐಸ್. ಮುಚ್ಚಳಕ್ಕೆ ಸುತ್ತಲೂ ಟೇಪ್. ಅಡಿಗೆ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ಇರಲಿ, ಇಲ್ಲಾಂದ್ರೆ ಐಸ್ ಕರಗಿದ ನೀರು ಕಾರ್ಪೆಟ್‌ಗೆ ಇಳಿದು ಯುಗಾದಿವರೆಗೂ ವಾಸನೆ ಹೋಗಲ್ಲ.

ಎಳ್ಳುಬೆಲ್ಲ

ಮೀನು ಬೇಡ, ಅತ್ತೆ ತಿನ್ನಲ್ಲ. ಆದ್ರೆ ಮಟ್ಟುಗುಳ್ಳ ಬದನೆ ಬೇಕು ಅಂತ ಈಗಲೇ ಹೇಳಿಟ್ಟಿದ್ದಾರೆ.

ನೇತ್ರಾವತಿ_ದಂಡೆ

ಮಟ್ಟುಗುಳ್ಳ ಸಿಗ್ತದೆ, ಇದು ಅದರದ್ದೇ ಕಾಲ. ಉಡುಪಿ ರಥಬೀದಿಯ ಹತ್ತಿರ ಕೇಳಿ. ತೆಳು ಹಸಿರು ಬಣ್ಣ, ತೊಟ್ಟಿನಲ್ಲಿ ಮುಳ್ಳು ಇರ್ತದೆ. ನೇರಳೆ ಬದನೆ ತೋರಿಸಿ ಮಟ್ಟುಗುಳ್ಳ ಅಂದರೆ ನಂಬಬೇಡಿ.

ನಿರ್ವಾಹಕ

ಮೀನು, ಬದನೆಕಾಯಿ, ಇಡ್ಲಿಗೆ ಅಡುಗೆ ವಿಭಾಗ ಇದೆ. ದಾರಿಯ ಮಾತಿಗೆ ಬನ್ನಿ.

ರೈನ್_ನದಿ_ಕನ್ನಡಿಗ

ಜರ್ಮನಿಯಿಂದ. ಇಲ್ಲಿ ಲಾರಿ ಓಡಿಸೋರಿಗೆ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ಕಡ್ಡಾಯ. ಇಡೀ ಯುರೋಪ್ ಒಕ್ಕೂಟದಲ್ಲಿ ಇದೇ ನಿಯಮ. ಟ್ಯಾಕೋಗ್ರಾಫ್ ಅನ್ನೋ ಯಂತ್ರ ಎಲ್ಲವನ್ನೂ ದಾಖಲು ಮಾಡುತ್ತೆ, ತಪ್ಪಿಸೋ ಹಾಗಿಲ್ಲ. ಕಾರಿನವರಿಗೆ ಈ ಕಾನೂನಿಲ್ಲ, ಆದರೂ ನಾವು ಅದನ್ನೇ ಅಳತೆ ಮಾಡಿಕೊಂಡಿದ್ದೀವಿ. ನಮ್ಮ ದೇಶದಲ್ಲೂ ಬಾಡಿಗೆ ಗಾಡಿ ಚಾಲಕರಿಗೆ ಇಂಥದ್ದೊಂದು ಬೇಕಿತ್ತು ಅನ್ಸುತ್ತೆ.

ಹಳದಿಬೋರ್ಡ್

ರೈನ್ ನದಿಯವರೇ, ಕಾಗದದ ಮೇಲೆ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಹೇಳಿತ್ತು. ನಾನು ಟಿ.ಟಿ. (ಟೆಂಪೋ ಟ್ರಾವೆಲರ್) ಓಡಿಸ್ತೀನಿ, ನನ್ನ ಮಾತು ಸ್ವಲ್ಪ ಕೇಳಿ.

ಹನ್ನೆರಡು ಜನದ ಗುಂಪು ಬರುತ್ತೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು. ಅವರಿಗೆ ರೂಮು ಇರುತ್ತೆ, ನನಗೆ ಗಾಡಿ ಸೀಟೇ ಹಾಸಿಗೆ. ಸೆಖೆ, ಸೊಳ್ಳೆ. ಬೆಳಗಿನ ಜಾವ 4ಕ್ಕೆ ದರ್ಶನಕ್ಕೆ ಬಿಡಬೇಕು. ಹಗಲೆಲ್ಲ ಓಡಿಸಬೇಕು. ಕೊನೇ ದಿನ ಸಂಜೆ "ಡ್ರೈವರ್ರೇ, ಊಟ ಮಾಡಿ ಹೊರಟುಬಿಡೋಣ, ಬೆಳಿಗ್ಗೆ ಬೆಂಗಳೂರು ಮುಟ್ಟಿಸಿಬಿಡಿ" ಅಂತಾರೆ. ಇನ್ನೊಂದು ದಿನ ನಿಂತರೆ ಇನ್ನೊಂದು ದಿನದ ಬಾಡಿಗೆ, ಬ್ಯಾಟಾ ಕೊಡಬೇಕಲ್ಲ, ಅದಕ್ಕೆ. ಹತ್ತಿದ ಅರ್ಧ ಗಂಟೆಗೆ ಹನ್ನೆರಡು ಜನವೂ ಗೊರಕೆ. ಎಚ್ಚರ ಇರೋನು ನಾನೊಬ್ಬನೇ, ಅದೂ ಹಿಂದಿನ ರಾತ್ರಿ ಕಣ್ಣು ಮುಚ್ಚದೇ ಇರೋನು.

ಇಲ್ಲಿ ಅಕ್ಕ ಸ್ವಂತ ಗಾಡಿ ಬಗ್ಗೆ ಕೇಳಿದ್ದಾರೆ, ಒಳ್ಳೇದು. ಬಾಡಿಗೆ ಗಾಡಿ ಮಾಡೋರೆಲ್ಲ ದಯವಿಟ್ಟು ಇದನ್ನೂ ಓದಿ. ಡ್ರೈವರ್‌ಗೆ ಒಂದು ಹಾಸಿಗೆ, ಫ್ಯಾನು ಇರೋ ಜಾಗ ಕೊಡಿಸಿ. ಕೊನೇ ದಿನ ಅವನು ಎಷ್ಟು ಹೊತ್ತು ಮಲಗಿದ್ದ ಅಂತ ಕೇಳಿ, ಆಮೇಲೆ ಹೊರಡೋ ಹೊತ್ತು ನಿರ್ಧಾರ ಮಾಡಿ. ನಾವು ಬಾಯಿಬಿಟ್ಟು ನಿದ್ದೆ ಬರ್ತಿದೆ ಅಂದ್ರೆ ಮುಂದಿನ ಸಲ ಆ ಗಿರಾಕಿ ನಮ್ಮನ್ನ ಕರೆಯಲ್ಲ.

ಡಾಕ್ಟರಮ್ಮ_ತುಮಕೂರು

ಇಡೀ ಚರ್ಚೆಯಲ್ಲಿ ಎಲ್ಲರೂ ಓದಬೇಕಾದ್ದು ಹಳದಿಬೋರ್ಡ್ ಅವರ ಮಾತು. ಅಪಘಾತ ಆದ ಟಿ.ಟಿ.ಗಳ ಸುದ್ದಿಯಲ್ಲಿ "ಚಾಲಕನ ನಿರ್ಲಕ್ಷ್ಯ" ಅಂತ ಬರುತ್ತೆ. ಅವನನ್ನು ಮಲಗೋಕೆ ಬಿಡದವರ ಹೆಸರು ಎಲ್ಲೂ ಬರಲ್ಲ.

ನಾಲ್ಕನೇ_ಗೇರ್

ನಾವು ಆಫೀಸಿನವರು ಸೇರಿ ಟಿ.ಟಿ. ಮಾಡಿದಾಗ ಇದನ್ನ ಯಾರೂ ಕೇಳಿದ್ದಿಲ್ಲ. ಇನ್ನು ಮೇಲೆ ಕೇಳ್ತೀನಿ.

ಆದ್ರೂ ಒಂದು ವಾದ ಬಿಡಲ್ಲ. ಬೆಳಿಗ್ಗೆ 5ಕ್ಕೆ ಹೊರಡೋಕೆ 4ಕ್ಕೆ ಏಳಬೇಕು. ಹಿಂದಿನ ರಾತ್ರಿ 12ರವರೆಗೆ ಮಾತಾಡ್ತಾ ಕೂತಿದ್ರೆ ನಾಲ್ಕೇ ಗಂಟೆ ನಿದ್ದೆ. ಅದೇನು ಸುರಕ್ಷಿತನಾ?

ಖಾಕಿ_ನಿವೃತ್ತ

ಈ ಮಾತು ಸರಿ, ನಾಲ್ಕನೇ ಗೇರ್ ಸಾರ್. ನಿದ್ದೆಗೆಟ್ಟು 5ಕ್ಕೆ ಹೊರಡೋದಕ್ಕಿಂತ ಚೆನ್ನಾಗಿ ಮಲಗಿ 7ಕ್ಕೆ ಹೊರಡೋದು ಮೇಲು. ಗಡಿಯಾರ ನೋಡಿ ಹೊರಡಬೇಡಿ, ಓಡಿಸುವವರು ಎಷ್ಟು ಹೊತ್ತು ಮಲಗಿದ್ದಾರೆ ನೋಡಿ ಹೊರಡಿ. ಮಧ್ಯಾಹ್ನ ಊಟ ಆದ ಮೇಲೆ ಎರಡರಿಂದ ನಾಲ್ಕರವರೆಗೂ ಒಂದು ಮಂಪರು ಬರುತ್ತೆ, ಅದಕ್ಕೆ ಹಗಲಿನಲ್ಲೂ ಊಟ ಮಿತವಾಗಿರಲಿ.

ಕುಣಿಗಲ್_ಕುದುರೆ

7ಕ್ಕೆ ಹೊರಟ್ರೂ ನಾಲ್ಕಕ್ಕೆ ಕುಣಿಗಲ್ ದಾಟ್ತಾರೆ. ಜಾಮ್ ಇದ್ರೂ ಪರವಾಗಿಲ್ಲ, ಎಚ್ಚರ ಇರೋ ಹೊತ್ತಲ್ಲವಾ. ದಕ್ಷಿಣ ಬೆಂಗಳೂರಿನವರಾದ್ರೆ ಮಾದಾವರದಲ್ಲಿ ನೈಸ್ ರಸ್ತೆ ಹಿಡೀರಿ. ವಯಸ್ಸಾದವರಿಗೆ ಕೂತು ಕೂತು ಸಾಕಾಗಿದ್ರೆ ಮಾದಾವರದಲ್ಲೇ ಹಸಿರು ಮಾರ್ಗದ ಮೆಟ್ರೊ ಇದೆ, 2024ರ ನವೆಂಬರ್‌ನಿಂದ ಓಡ್ತಿದೆ. ಮನೆ ಹತ್ತಿರ ನಿಲ್ದಾಣ ಇದ್ರೆ ಅತ್ತೆ ಮಾವನನ್ನ ಅಲ್ಲೇ ಹತ್ತಿಸಬಹುದು, ಲಗೇಜು ಗಾಡಿಯಲ್ಲಿ ಬರಲಿ.

ಎಳ್ಳುಬೆಲ್ಲ

ನಿರ್ಧಾರ ಆಯ್ತು. ಸೂರ್ಯಾಸ್ತ ಶನಿವಾರವೇ ನೋಡೋದು, ಆ ರಾತ್ರಿ ಹತ್ತಕ್ಕೆಲ್ಲ ಮಲಗೋದು. ಭಾನುವಾರ ಬೆಳಿಗ್ಗೆ ಆರೂವರೆಗೆ ಹೊರಡ್ತೀವಿ, ಶಿರಾಡಿ ಮೇಲೆ. ಮಲ್ಪೆಯಿಂದ ಸಕಲೇಶಪುರದವರೆಗೆ ನಾನು, ಅಲ್ಲಿಂದ ಅವರು. ಘಟ್ಟ ನನ್ನದೇ ಪಾಲಿಗೆ ಬಂತು. ನಮ್ಮನೆಯವರನ್ನ ಒಪ್ಪಿಸಿದ್ದು ಮೂರು ಗಂಟೆಗೆ ಹಿರೀಸಾವೆ ಅನ್ನೋ ಲೆಕ್ಕ. "ಅಲ್ಲಿ ನನಗೆ ಖಂಡಿತ ಕಣ್ಣು ಎಳೀತಿತ್ತು" ಅಂತ ಅವರೇ ಹೇಳಿದ್ರು. ಎಲ್ಲರಿಗೂ ಧನ್ಯವಾದ.

ಕಡಲ_ಮಗಳು

ಒಳ್ಳೇದಾಯ್ತ್. ಶನಿವಾರ ಸಂಜೆ ಬೇಗ ಹೋಯ್ನಿ, ಗಾಡಿ ನಿಲ್ಸುಕೆ ಜಾಗ ಸಿಕ್ಕುದಿಲ್ಲ.

ಮೆಕ್ಯಾನಿಕ್_ರಾಜಾಜಿನಗರ

ಹೊರಡೋ ಮುಂಚೆ ಫಾಸ್ಟ್ಯಾಗ್‌ನಲ್ಲಿ ದುಡ್ಡು ನೋಡ್ಕೊಳ್ಳಿ. ಹೆದ್ದಾರಿ ಸಹಾಯಕ್ಕೆ 1033, ತುರ್ತಿಗೆ 112. ಘಟ್ಟದಲ್ಲಿ ಕೆಲವು ಕಡೆ ನೆಟ್‌ವರ್ಕ್ ಇರಲ್ಲ, ನಕ್ಷೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಗುಂಡ್ಲುಪೇಟೆ_ಗಾಳಿ

ಇದೇ ರಜೆಗೆ ವಯನಾಡಿಗೆ ಹೋಗೋರು ಇದ್ದೀರಾ? ವಾಪಸ್ ಬರೋ ಹೊತ್ತಿನ ಬಗ್ಗೆ ನಿಮಗೂ ಒಂದು ಮಾತಿದೆ. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್.

ಹೊಸ_ಲೈಸೆನ್ಸ್

ನಾವು ಹೋಗ್ತಿದ್ದೀವಿ! ಸುಲ್ತಾನ್ ಬತ್ತೇರಿಯಿಂದ 8ಕ್ಕೆ ಹೊರಟ್ರೆ ಗೇಟ್ ಮುಚ್ಚೋದ್ರೊಳಗೆ ದಾಟಬಹುದಲ್ವಾ?

ಗುಂಡ್ಲುಪೇಟೆ_ಗಾಳಿ

ದಾಟಬಹುದೇನೋ, ಆದ್ರೆ ಆ ಲೆಕ್ಕದಲ್ಲಿ ಹೊರಡಬೇಡಿ. ಮೂಲೆಹೊಳೆ ಚೆಕ್‌ಪೋಸ್ಟ್ ಮುಚ್ಚೋದ್ರೊಳಗೆ ಮುಟ್ಟಬೇಕು ಅಂತ ಎಂಟೂವರೆಯಿಂದ ಎಲ್ಲರೂ ಹುಚ್ಚು ಹಿಡಿದ ಹಾಗೆ ಓಡಿಸ್ತಾರೆ. ಜಿಂಕೆ, ಆನೆ ರಸ್ತೆ ದಾಟೋ ಹೊತ್ತೂ ಅದೇ. 2009ರಲ್ಲಿ ಈ ನಿಷೇಧ ಬಂದಿದ್ದೇ ರಾತ್ರಿ ಗಾಡಿಗಳಿಗೆ ಸಿಕ್ಕಿ ಪ್ರಾಣಿಗಳು ಸಾಯ್ತಿದ್ದವು ಅಂತ. ಬತ್ತೇರಿ ಆರಕ್ಕೇ ಬಿಡಿ. ತಡ ಆದ್ರೆ ಮಾನಂದವಾಡಿ, ಕುಟ್ಟ, ಗೋಣಿಕೊಪ್ಪ, ಹುಣಸೂರು ದಾರಿ ಇದೆ, ಸುತ್ತು ಜಾಸ್ತಿ. ತುಂಬಾ ತಡ ಆದ್ರೆ ಬತ್ತೇರಿಯಲ್ಲೇ ಮಲಗಿ ಬೆಳಿಗ್ಗೆ ಬನ್ನಿ.

ಹೊಸ_ಲೈಸೆನ್ಸ್

ಸರಿ ಅಣ್ಣ, ಆರಕ್ಕೆ. ಕುಟ್ಟ ದಾರಿಯಲ್ಲಿ ಪೆಟ್ರೋಲ್ ಎಲ್ಲಿ ಸಿಗುತ್ತೆ?

ಗುಂಡ್ಲುಪೇಟೆ_ಗಾಳಿ

ಮಾನಂದವಾಡಿಯಲ್ಲೇ ತುಂಬಿಸಿಕೊಂಡು ಹೊರಡಿ. ರಾತ್ರಿ ಹೊತ್ತು ಮುಂದೆ ತೆರೆದಿರುತ್ತೆ ಅಂತ ನಂಬಿಕೊಂಡು ಹೋಗಬೇಡಿ.